ನಾಲ್ಕನೆಯ ವರ್ಷ ಯಾಕ್ರೀ, ಮೇಡಂ?

"ಮೂರು ವರ್ಷ ಕಲ್ತು ಡಿಗ್ರಿ ಕೈಗೆ ಬಂತಲ್ರೀ, ಮತ್ತೊಂದು ವರ್ಷ ಯಾಕ್ರೀ ಮೇಡಂ?" 2024ರ ಬೇಸಿಗೆಯಲ್ಲಿ ನಮ್ಮ ಸ್ಟಾಫ್ ರೂಮಿಗೆ ಬಂದ ತಂದೆ-ತಾಯಂದಿರಲ್ಲಿ ಈ ಮಾತು ಕೇಳದವರೇ ಕಡಿಮೆ. ನಾನು ಜಮಖಂಡಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ನನ್ನ ತರಗತಿಯಲ್ಲಿ ಮುಧೋಳದ ಕಬ್ಬಿನ ರೈತರ ಮಕ್ಕಳಿದ್ದಾರೆ, ರಬಕವಿಯ ಮಗ್ಗದ ಮನೆಯವರಿದ್ದಾರೆ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬೀಳಗಿ ಕಡೆಯವರಿದ್ದಾರೆ. ಬಹಳಷ್ಟು ಜನ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಹಾಗಾಗಿ ಆನರ್ಸ್ ಎಂದರೇನು, ಅದರಿಂದ ಬರುವುದೇನು ಎಂದು ಮನೆಯಲ್ಲಿ ಹೇಳುವವರು ಯಾರೂ ಇರುವುದಿಲ್ಲ.

ಸರಳವಾಗಿ ಹೇಳುತ್ತೇನೆ. ಸಾಮಾನ್ಯ ಪದವಿಯಲ್ಲಿ ಹಲವು ವಿಷಯಗಳನ್ನು ಒಂದಿಷ್ಟು ಒಂದಿಷ್ಟು ಓದುತ್ತೇವೆ. ಆನರ್ಸ್‌ನಲ್ಲಿ ಒಂದೇ ವಿಷಯದ ಬೆನ್ನು ಹತ್ತಿ ಆಳಕ್ಕೆ ಇಳಿಯುತ್ತೇವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಓದಿನ ಹೊರೆಯ ಅಳತೆ), ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆದು 'ಸಂಶೋಧನೆಯೊಂದಿಗೆ ಆನರ್ಸ್' ಪಡೆಯಬಹುದು. ಉಳಿದವರು ಪ್ರಬಂಧದ ಬದಲಿಗೆ ಹೆಚ್ಚಿನ ಪತ್ರಿಕೆಗಳನ್ನು ಓದುತ್ತಾರೆ.

ಪಾಲಕರಿಗೆ ಅರ್ಥವಾಗದೆ ಉಳಿಯುವ ಲೆಕ್ಕ ಬೇರೆಯೇ ಇದೆ. ಎಂ.ಎ., ಎಂ.ಎಸ್ಸಿ. ಮಾಡುವ ಮನಸ್ಸಿದ್ದವರಿಗೆ ಮೂರು ವರ್ಷದ ಪದವಿ, ಆಮೇಲೆ ಎರಡು ವರ್ಷದ ಸ್ನಾತಕೋತ್ತರ: ಒಟ್ಟು ಐದು. ಆನರ್ಸ್ ಮಾಡಿದವರಿಗೆ ಸ್ನಾತಕೋತ್ತರ ಒಂದೇ ವರ್ಷ: ಅದೂ ಐದೇ. ವರ್ಷವೇನೂ ಹಾಳಾಗುವುದಿಲ್ಲ. ಮುಂದೆ ಹೋಗಿ ಸೇರುವ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಕೋರ್ಸ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು, ಅಷ್ಟೇ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದರೆ ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹತೆ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಅದರಲ್ಲೂ ಶೇ. 5ರಷ್ಟು ರಿಯಾಯಿತಿ ಇದೆ. ಆದರೆ ಬಿ.ಇಡಿ. ಮಾಡಿ ಮೇಷ್ಟ್ರಾಗುವವರಿಗೆ, ಪಿಡಿಒ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಕೂರುವವರಿಗೆ ಮೂರು ವರ್ಷದ ಪದವಿಯೇ ಸಾಕು. ಅಂಥವರಿಗೆ ನಾನೇ ಹೇಳುತ್ತೇನೆ, ನಾಲ್ಕನೆಯ ವರ್ಷ ಬೇಡ ಎಂದು.

ಆನರ್ಸ್‌ಗಾಗಿ ಊರು ಬಿಡಬೇಕಾದೀತು ಎಂಬ ಅಳುಕೂ ಪಾಲಕರಿಗಿದೆ. ಆದರೆ ಓದಿಗಾಗಿ ದೂರ ಹೋಗುವುದು ಈ ನೆಲಕ್ಕೆ ಹೊಸದಲ್ಲ. ತತ್ವಜ್ಞಾನಿ ಗುರುದೇವ ರಾನಡೆಯವರು ಹುಟ್ಟಿದ್ದು ಜಮಖಂಡಿಯಲ್ಲಿ, 1886ರಲ್ಲಿ. ಇಲ್ಲಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, 1902ರಲ್ಲಿ ಮೆಟ್ರಿಕ್ ಮುಗಿಸಿ, ಸಂಸ್ಕೃತಕ್ಕಾಗಿ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಪಡೆದು ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರ ಕಾಲದಲ್ಲಿ ಹತ್ತಿರದಲ್ಲಿ ಕಾಲೇಜೇ ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಈಗ ವಿಶ್ವವಿದ್ಯಾಲಯವೇ ಊರಿಗೆ ಬಂದಿದೆ: 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯದ ಕೇಂದ್ರ ಜಮಖಂಡಿ. 2025ರಲ್ಲಿ ಅದನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂದಾಗ ನನಗೆ ಬಹಳ ಸಂಕಟವಾಯಿತು.

ವಿಶ್ವವಿದ್ಯಾಲಯ ಊರಿಗೆ ಬಂದರೂ, ಆನರ್ಸ್ ಮಾತ್ರ ನಮ್ಮ ಕಡೆ ಬಂದದ್ದೂ ಹೋದದ್ದೂ ಬೇಗ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದು ನಾಲ್ಕು ವರ್ಷದ ಪದವಿ ಆರಂಭಿಸಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ, ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ಆಗಲೇ ನಾಲ್ಕು ವರ್ಷದ ಪದ್ಧತಿಯಲ್ಲಿ ಸೇರಿದ್ದವರು ಬೇಕಿದ್ದರೆ ನಾಲ್ಕನೆಯ ವರ್ಷ ಓದಬಹುದು ಎಂದಿತು. ಬಡ ಮಕ್ಕಳಿಗೆ ಇನ್ನೊಂದು ವರ್ಷದ ಖರ್ಚು ಹೊರೆ ಎಂಬ ವಾದದಲ್ಲಿ ಹುರುಳಿದೆ. ಸಣ್ಣ ಊರಿನ ಕಾಲೇಜುಗಳಲ್ಲಿ ಅಧ್ಯಾಪಕರೂ ಪ್ರಯೋಗಾಲಯವೂ ಸಾಲದು ಎಂಬುದು ನಾನು ದಿನಾ ಕಾಣುವ ಸತ್ಯ. ಆದರೂ ಆ ಬಾಗಿಲನ್ನು ಪೂರ್ತಿ ಹಾಕಿದ್ದು ನಷ್ಟವೆಂದೇ ನನ್ನ ಅಭಿಪ್ರಾಯ. ಉಳ್ಳವರ ಮಕ್ಕಳು ಬೆಂಗಳೂರಿಗೆ, ದೆಹಲಿಗೆ ಹೋಗಿ ಆನರ್ಸ್ ಓದುತ್ತಾರೆ. ಬಸ್ ಪಾಸ್ ಹಿಡಿದು ಕಾಲೇಜಿಗೆ ಬರುವ ಹುಡುಗಿಗೆ ಊರಿನ ಕಾಲೇಜು ಬಿಟ್ಟರೆ ಬೇರೆ ದಾರಿಯಿಲ್ಲ.

ಆ ನಾಲ್ಕನೆಯ ವರ್ಷದಲ್ಲಿ ಏನಾಗಬಲ್ಲದು ಎಂಬುದಕ್ಕೆ ಒಬ್ಬ ವಿದ್ಯಾರ್ಥಿನಿಯ ಕೆಲಸ ಹೇಳಬೇಕು. ರಬಕವಿಯ ಹುಡುಗಿ, ತಂದೆ ಪವರ್‌ಲೂಮ್ ನೇಕಾರ. "ವರಾ ಬಂದೈತ್ರೀ, ಇನ್ನೊಂದು ವರ್ಷ ತಡಿ ಅಂತ ಹೆಂಗ ಹೇಳೂದು?" ಎಂದು ಅವಳ ಅವ್ವ ನನ್ನೆದುರೇ ಕಣ್ಣೀರು ಹಾಕಿದ್ದರು. ತಂದೆ ಮಾತ್ರ "ಓದ್ಲಿ ಬಿಡು" ಎಂದರು. ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ನೇಕಾರರ ಕೂಲಿ. ಪುಸ್ತಕ ನೋಡಿ ಪ್ರಶ್ನಾವಳಿ ಬರೆದಳು. ಮೊದಲ ಪ್ರಶ್ನೆ: 'ನಿಮ್ಮ ತಿಂಗಳ ಆದಾಯ ಎಷ್ಟು?' ಒಂದು ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದ ಹೆಂಗಸು ಕೈ ನಿಲ್ಲಿಸದೆಯೇ ಹೇಳಿದರಂತೆ: "ತಿಂಗಳ ಲೆಕ್ಕ ನಮಗೆಲ್ಲಿ ಐತಿ ತಂಗಿ? ಬಟವಡೆ ವಾರಕ್ಕೊಮ್ಮೆ. ಹೋದ ವಾರ ನೂಲಿನ ಬೀಮ್ ಬರಲಿಲ್ಲ, ಮಗ್ಗ ನಿಂತಿತ್ತು."

ಹುಡುಗಿ ಆ ಪ್ರಶ್ನೆಯನ್ನೇ ಹೊಡೆದುಹಾಕಿದಳು. ಕಳೆದ ವಾರ ಮಗ್ಗದಿಂದ ಎಷ್ಟು ಸೀರೆ ಇಳಿದವು, ಮಗ್ಗ ಎಷ್ಟು ದಿನ ನಿಂತಿತ್ತು, ನಿಂತದ್ದು ಕರೆಂಟಿಲ್ಲದ್ದಕ್ಕೋ ಬೀಮ್ ಬಾರದ್ದಕ್ಕೋ, ಮಾಲಕರ ಬಳಿ ಮುಂಗಡದ ಬಾಕಿ ಉಳಿದಿದೆಯೇ ಎಂದು ಹೊಸದಾಗಿ ಬರೆದಳು. ಕೊನೆಗೆ ಇನ್ನೊಂದು ಅಂಕಣ ಸೇರಿಸಿದಳು: ಕಂಡಿಕೆ ಸುತ್ತುವವರು ಯಾರು, ಅವರಿಗೆ ಬೇರೆ ಕೂಲಿ ಉಂಟೇ? ಮನೆಮನೆಯಲ್ಲೂ ಸುತ್ತುವವರು ಹೆಂಗಸರು, ಮುದುಕರು. ಅವರ ಕೂಲಿಯ ಅಂಕಣ ಹೆಚ್ಚಿನ ಹಾಳೆಗಳಲ್ಲಿ ಖಾಲಿ. ಆ ಓಣಿಯಲ್ಲೇ ಬೆಳೆದ ನಾನು, ಇಷ್ಟು ವರ್ಷ ಕೂಲಿಯ ಸಿದ್ಧಾಂತ ಪಾಠ ಮಾಡಿದ ನಾನು, ಆ ಹಾಳೆಗಳನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಆರು ಸೆಮಿಸ್ಟರ್ ಉತ್ತರ ಬರೆದವಳು ಈಗ ಪ್ರಶ್ನೆ ಬರೆಯುವುದನ್ನು ಕಲಿತಿದ್ದಳು. ಅದಕ್ಕೆ ಒಂದು ವರ್ಷದ ಬಿಡುವು ಬೇಕೇ ಬೇಕು.

ಈಗ ಪಿಯುಸಿ ಓದುತ್ತಿರುವವರು ಆನರ್ಸ್‌ಗೆ ಎಲ್ಲಿಗೆ ಹೋಗಬೇಕು? ವಿಜ್ಞಾನದವರಿಗೆ ಅದು ಮನೆಯ ಹತ್ತಿರವೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್. ಅದರದೇ ಕಾಲೇಜು ಮುಧೋಳದಿಂದ ದೂರವಲ್ಲದ ಅರಭಾವಿಯಲ್ಲಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದಲ್ಲಿದೆ, ಅಲ್ಲಿನ ಬಿ.ಎಸ್ಸಿ. ಕೃಷಿಯೂ ಆನರ್ಸ್. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ರೈತರ ಜೊತೆ ಇದ್ದು ಕಲಿಯುತ್ತಾರೆ. ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ: ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಹೊಲದಲ್ಲಿ ಕೈಯಾಡಿಸಿದ ಮಕ್ಕಳಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಬೇರೆ ಇಲ್ಲ.

ಕಲಾ, ವಾಣಿಜ್ಯ ವಿಭಾಗದವರಿಗೆ ದಾರಿ ಸ್ವಲ್ಪ ದೂರ. ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ದೆಹಲಿ ವಿಶ್ವವಿದ್ಯಾಲಯಕ್ಕೂ ಸಿಯುಇಟಿ ಎಂಬ ಒಂದೇ ಪ್ರವೇಶ ಪರೀಕ್ಷೆ. ಅದನ್ನು ಕನ್ನಡದಲ್ಲೇ ಬರೆಯಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ, ಮನೆಯ ಆದಾಯ ನೋಡಿ ಶುಲ್ಕಕ್ಕೆ ನೆರವು ಕೊಡುತ್ತಾರೆ.

ಪಾಲಕರಲ್ಲಿ ನನ್ನ ಬಿನ್ನಹ ಇಷ್ಟೇ. ಇದನ್ನೆಲ್ಲ ಪಿಯುಸಿ ಫಲಿತಾಂಶ ಬಂದ ಮೇಲೆ ಕೇಳಬೇಡಿ, ಅಷ್ಟರಲ್ಲಿ ಸಿಯುಇಟಿ ಅರ್ಜಿಯ ದಿನಾಂಕ ಮುಗಿದಿರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಹತ್ತಿರದ ಪದವಿ ಕಾಲೇಜಿಗೆ ಬನ್ನಿ. ಮಗಳನ್ನೂ ಜೊತೆಗೆ ಕರೆತನ್ನಿ, ಕೇಳುವುದನ್ನು ಅವಳೇ ಕೇಳಲಿ.