ಆರು ತಿಂಗಳ ಕೂಸಿಗೆ ದಡಾರದ ಲಸಿಕೆ

ದಡಾರದ ಲಸಿಕೆಗೆ ಒಂಬತ್ತು ತಿಂಗಳು ಕಾಯುವುದೇಕೆ, ಅಷ್ಟರೊಳಗೆ ರೋಗ ತಗಲಿ ನ್ಯುಮೋನಿಯಾಕ್ಕೆ ತಿರುಗಿದರೆ ಗತಿಯೇನು ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಗರ್ಭದಲ್ಲಿರುವಾಗಲೇ ತಾಯಿ ತನ್ನ ರೋಗನಿರೋಧಕ ಶಕ್ತಿಯನ್ನು ಮಗುವಿಗೆ ಧಾರೆಯೆರೆದಿರುತ್ತಾಳೆ. ಅದು ಕೆಲವು ತಿಂಗಳು ಮಗುವನ್ನು ಕಾಯುತ್ತದೆ. ಆದರೆ ಲಸಿಕೆಯಲ್ಲಿರುವ, ಬಲಗುಂದಿಸಿದ ಜೀವಂತ ವೈರಾಣುವನ್ನೂ ಅದೇ ಅಳಿಸಿಹಾಕುತ್ತದೆ. ಕಾಣಿಕೆಯೇ ಅಡ್ಡಿಯಾಗುವ ಇಂಥ ವೈಚಿತ್ರ್ಯವನ್ನು ತತ್ತ್ವಶಾಸ್ತ್ರದ ತರಗತಿಯಲ್ಲಿಯೂ ನಾವು ಕಂಡಿರಲಿಲ್ಲ!

೨೦೨೨ರ ಕೊನೆಯಲ್ಲಿ ಮುಂಬಯಿ ಮೊದಲಾದೆಡೆ ದಡಾರ ಹಬ್ಬಿದಾಗ, ಒಂಬತ್ತು ತಿಂಗಳು ತುಂಬದ ಕೂಸುಗಳೂ ಹೆಚ್ಚಾಗಿ ತುತ್ತಾಗುತ್ತಿದ್ದ ಪ್ರದೇಶಗಳಲ್ಲಿ ಆರು ತಿಂಗಳಿಗೇ ಒಂದು ಲಸಿಕೆ ನೀಡುವಂತೆ ಕೇಂದ್ರ ಸರಕಾರ ಸೂಚಿಸಿತು. ಅದು ವ್ಯರ್ಥವಲ್ಲ, ಅನೇಕ ಮಕ್ಕಳನ್ನು ಕಾಪಾಡುತ್ತದೆ. ಆದರೆ ಒಂಬತ್ತು ತಿಂಗಳಲ್ಲಿ ನೂರಕ್ಕೆ ಸುಮಾರು ೮೫, ವರ್ಷ ತುಂಬಿದ ಮೇಲೆ ಸುಮಾರು ೯೫ ಮಕ್ಕಳಲ್ಲಿ ಲಸಿಕೆ ಫಲಿಸಿದರೆ, ಆರರಲ್ಲಿ ಫಲ ಇನ್ನೂ ಕಡಿಮೆ. ಆದುದರಿಂದಲೇ ವೈದ್ಯರು ಅದನ್ನು ‘ಸೊನ್ನೆಯ ಡೋಸ್’ ಎಂದೆಣಿಸುತ್ತಾರೆ. ಎಲ್ಲ ಮುಗಿಯಿತೆಂದು ಲಸಿಕೆಯ ಕಾರ್ಡನ್ನು ಪೆಟ್ಟಿಗೆಗೆ ಸೇರಿಸುವ ಮನೆಗಳ ಕುರಿತೇ ನಮ್ಮ ಚಿಂತೆ. ಒಂಬತ್ತು ತಿಂಗಳು ತುಂಬುತ್ತಲೇ ಒಂದು, ೧೬ರಿಂದ ೨೪ ತಿಂಗಳೊಳಗೆ ಮತ್ತೊಂದು, ಹೀಗೆ ಎರಡು ಚುಚ್ಚುಮದ್ದುಗಳು ಆ ಮಗುವಿಗೆ ಇನ್ನೂ ಬಾಕಿ ಇರುತ್ತವೆ.