ಸೀಮೆಎಣ್ಣೆಯಿಲ್ಲದೆ ಇದ್ದಿಲಿಗೆ ಬೆಂಕಿ

ಸಂಜೆಯ ಹೊತ್ತು ರಸ್ತೆಬದಿಯಲ್ಲಿ ಮುಸುಕಿನ ಜೋಳ ಸುಡುವವರನ್ನು ನೀವೆಲ್ಲ ನೋಡಿದ್ದೀರಿ. ಒಂದು ಕೈಯಲ್ಲಿ ತೆನೆಯನ್ನು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸುತ್ತಿರುತ್ತಾರೆ. ಬೀಸಿದಷ್ಟೂ ಕೆಂಡ ಕೆಂಪೇರುತ್ತದೆ. ಅದೇ ಬೀಸಣಿಗೆಯನ್ನು ಉರಿಯುವ ಮೇಣದಬತ್ತಿಯ ಮುಂದೆ ಬೀಸಿದರೆ ಬತ್ತಿ ಆರಿಹೋಗುತ್ತದೆ. ಒಂದೇ ಗಾಳಿ ಒಂದು ಬೆಂಕಿಯನ್ನು ಬೆಳೆಸುತ್ತದೆ, ಇನ್ನೊಂದನ್ನು ಕೊಲ್ಲುತ್ತದೆ. ಏಕೆ? ಇದಕ್ಕೆ ಉತ್ತರ ತಿಳಿದರೆ, ಅಗ್ಗಿಷ್ಟಿಕೆಗಾಗಲಿ ಇದ್ದಿಲಿನ ಗ್ರಿಲ್‌ಗಾಗಲಿ ಸೀಮೆಎಣ್ಣೆ ಸುರಿಯುವ ಅಗತ್ಯವೇ ಇಲ್ಲ ಎಂಬುದೂ ತಿಳಿಯುತ್ತದೆ.

ಜ್ವಾಲೆ ಬೇರೆ, ಕೆಂಡ ಬೇರೆ

ಕಟ್ಟಿಗೆಗೆ ಬೆಂಕಿ ತಗುಲಿದಾಗ ಜ್ವಾಲೆಯಾಗಿ ಉರಿಯುವುದು ಅದು ಕಾದು ಹೊರಬಿಡುವ ಅನಿಲಗಳು. ಮೇಣದಬತ್ತಿಯಲ್ಲೂ ಹಾಗೆಯೇ. ಕರಗಿದ ಮೇಣ ಬತ್ತಿಯನ್ನೇರಿ, ಆವಿಯಾಗಿ ಉರಿಯುತ್ತದೆ. ಜೋರಾಗಿ ಊದಿದರೆ ಆ ಆವಿ ಚದುರಿ ತಣ್ಣಗಾಗುತ್ತದೆ, ಜ್ವಾಲೆ ಆರುತ್ತದೆ.

ಇದ್ದಿಲಿನ ಕಥೆ ಬೇರೆ. ಅದನ್ನು ತಯಾರಿಸುವಾಗ ಕಟ್ಟಿಗೆಗೆ ಸಾಕಷ್ಟು ಗಾಳಿ ಸಿಗದಂತೆ ಮುಚ್ಚಿ ಕಾಯಿಸುತ್ತಾರೆ. ನೀರು ಮತ್ತು ಉರಿಯುವ ಅನಿಲಗಳಲ್ಲಿ ಬಹುಪಾಲು ಆಗಲೇ ಹೊರಟುಹೋಗಿ, ಮುಖ್ಯವಾಗಿ ಇಂಗಾಲ ಉಳಿಯುತ್ತದೆ. ಒಲೆಯ ಶಾಖಕ್ಕೆ ಇಂಗಾಲ ಕರಗುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಆದ್ದರಿಂದ ಆಮ್ಲಜನಕವೇ ಅದರ ಮೈಮೇಲೆ ಬಂದು ಕೂಡಬೇಕು. ಬೀಸಿದಾಗ ಇಂಧನ ಕುಳಿತಲ್ಲೇ ಇರುತ್ತದೆ. ಗಾಳಿಯು ಬೂದಿಯನ್ನೂ ಸುತ್ತ ನಿಂತ ಇಂಗಾಲದ ಡೈಆಕ್ಸೈಡನ್ನೂ ಸರಿಸಿ, ಹೊಸ ಆಮ್ಲಜನಕವನ್ನು ತಂದುಕೊಡುತ್ತದೆ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1860-61ರ ಚಳಿಗಾಲದಲ್ಲಿ ಎಳೆಯರಿಗಾಗಿ ಮೇಣದಬತ್ತಿಯ ಮೇಲೆ ನೀಡಿದ ಪ್ರಸಿದ್ಧ ಉಪನ್ಯಾಸಗಳಲ್ಲಿ ಇದ್ದಿಲನ್ನೂ ಆಮ್ಲಜನಕದಲ್ಲಿ ಉರಿಸಿ ತೋರಿಸಿದ್ದರು.

ಬೇಕಾದುದು ಎರಡೇ

ಇದ್ದಿಲು ಹೊತ್ತಿಕೊಳ್ಳಲು ಅದರ ಮೇಲ್ಮೈ ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಕಾಗದದ ಜ್ವಾಲೆ ಇದಕ್ಕಿಂತ ಬಹಳ ಬಿಸಿ. ಹಾಗಿದ್ದೂ ಹರಡಿದ ಇದ್ದಿಲಿನ ಕೆಳಗೆ ಕಾಗದ ಹಚ್ಚಿದರೆ ಕಾಗದವಷ್ಟೇ ಸುಟ್ಟುಹೋಗುತ್ತದೆ. ಒಂಟಿ ತುಂಡು ಪಡೆದ ಶಾಖವನ್ನೆಲ್ಲ ಸುತ್ತಲಿನ ಗಾಳಿಗೆ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಉರಿಯುವ ರಾಶಿಯಿಂದ ಒಂದು ಕೆಂಡವನ್ನು ಇಕ್ಕಳದಿಂದ ತೆಗೆದು ಪಕ್ಕಕ್ಕಿಡಿ. ಸ್ವಲ್ಪ ಹೊತ್ತಿನಲ್ಲೇ ಅದು ಕಪ್ಪಾಗುತ್ತದೆ. ಮತ್ತೆ ರಾಶಿಗೆ ಸೇರಿಸಿದರೆ ಕೆಂಪಾಗುತ್ತದೆ. ರಾಶಿಯಲ್ಲಿ ಒಂದರ ಶಾಖ ಇನ್ನೊಂದಕ್ಕೆ ಆಸರೆ.

ಹಾಗಾದರೆ ಇದ್ದಿಲನ್ನು ಒತ್ತಾಗಿ ಇಡಬೇಕು, ಗಾಳಿಯೂ ಆಡಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಚಿಮಣಿ. ಮೊದಲು 300 ಕೆಲ್ವಿನ್‌ನಲ್ಲಿದ್ದ ಗಾಳಿ, ಅಂದರೆ 27 ಡಿಗ್ರಿ ಸೆಲ್ಸಿಯಸ್ ಗಾಳಿ, 600 ಕೆಲ್ವಿನ್‌ಗೆ ಕಾದರೆ ಅದರ ಗಾತ್ರ ಎರಡರಷ್ಟಾಗಿ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ನೀವು ಪಾಠದಲ್ಲಿ ಓದುವ ಚಾರ್ಲ್ಸ್ ನಿಯಮವೇ ಇದು. ಹಗುರಾದ ಗಾಳಿ ಮೇಲೇರಿದಂತೆ ಕೆಳಗಿನಿಂದ ತಣ್ಣನೆಯ ಗಾಳಿ ತಾನಾಗಿ ನುಗ್ಗುತ್ತದೆ. ಬೀಸಣಿಗೆಯ ಕೆಲಸವನ್ನು ಬೆಂಕಿಯೇ ಮಾಡಿಕೊಳ್ಳುತ್ತದೆ.

ಮಾಡುವ ಕ್ರಮ

ಒಂದು ಗೇಣು ಎತ್ತರದ, ತೊಳೆದು ಒಣಗಿಸಿದ, ಬಣ್ಣವಿಲ್ಲದ ತಗಡಿನ ಡಬ್ಬವೊಂದರ ಮುಚ್ಚಳ ಮತ್ತು ತಳ ಎರಡನ್ನೂ ತೆಗೆಸಿ. ಸತುವಿನ ಲೇಪನವಿರುವ ತಗಡು ಬೇಡ. ಕಾದಾಗ ಅದರಿಂದೇಳುವ ಹೊಗೆ ಹಾನಿಕರ. ಬಯಲಿನಲ್ಲಿ, ಹಿರಿಯರೊಬ್ಬರು ಜೊತೆಗಿರುವಾಗ, ಅಗ್ಗಿಷ್ಟಿಕೆಯ ಜಾಲರಿಯ ಮೇಲೆ ಡಬ್ಬವನ್ನು ನಿಲ್ಲಿಸಿ ಒಣ ಇದ್ದಿಲು ತುಂಬಿ. ಸಣ್ಣ ತುಂಡುಗಳು ಕೆಳಗಿರಲಿ, ಆದರೆ ಪುಡಿ ಬೇಡ. ಪುಡಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಜಾಲರಿಯ ಕೆಳಗೆ ಸಡಿಲವಾಗಿ ಮುದುಡಿದ ಎರಡು ಹಾಳೆ ಕಾಗದ, ಒಂದು ಹಿಡಿ ತೆಂಗಿನ ನಾರು ಇಟ್ಟು ಹಚ್ಚಿ. ಕಾಗದಕ್ಕೆ ಒಂದು ಚಮಚ ಅಡುಗೆ ಎಣ್ಣೆ ಸವರಿದ್ದರೆ ಅದು ದೀಪದ ಬತ್ತಿಯಂತೆ ಹೆಚ್ಚು ಹೊತ್ತು ಉರಿಯುತ್ತದೆ.

ಮೊದಲ ಕೆಲವು ನಿಮಿಷ ಬೀಸಬೇಡಿ. ಕೆಂಡ ನೆಲೆಗೊಳ್ಳುವ ಮೊದಲೇ ಬೀಸಿದರೆ ಗಾಳಿ ಆಮ್ಲಜನಕ ಕೊಡುವುದಕ್ಕಿಂತ ಹೆಚ್ಚಾಗಿ ಶಾಖವನ್ನು ಕದಿಯುತ್ತದೆ. ಸಾಮಾನ್ಯವಾಗಿ 15-20 ನಿಮಿಷಗಳಲ್ಲಿ ಮೇಲಿನ ತುಂಡುಗಳ ಅಂಚಿಗೆ ಬಿಳಿ ಬೂದಿ ಕಾಣಿಸುತ್ತದೆ. ಆಗ ಉದ್ದನೆಯ ಇಕ್ಕಳದಿಂದ ಡಬ್ಬವನ್ನು ನೇರವಾಗಿ ಮೇಲೆತ್ತಿದರೆ ಕೆಂಡ ತಾನೇ ಹರಡಿಕೊಳ್ಳುತ್ತದೆ.

ಸೀಮೆಎಣ್ಣೆ ಏಕೆ ಬೇಡ?

ಸೀಮೆಎಣ್ಣೆ ಸುಮಾರು 40 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡುತ್ತದೆ. ಪೆಟ್ರೋಲಿಗಂತೂ ಅಷ್ಟು ಶಾಖವೂ ಬೇಡ. ಅಡುಗೆ ಎಣ್ಣೆಯನ್ನು ಬಹಳ ಕಾಯಿಸದೆ ಅದರ ಆವಿ ಹೊತ್ತುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲಿಯೇ. ಅನಾಹುತವಾಗುವುದು ಹೆಚ್ಚಾಗಿ ಎರಡನೆಯ ಸಲ ಸುರಿಯುವಾಗ. ಬೆಂಕಿ ಆರಿತೆಂದು ಭಾವಿಸಿ ಮತ್ತಷ್ಟು ಸುರಿಯುತ್ತಾರೆ. ಆದರೆ ಬೂದಿ ಮುಚ್ಚಿದ ಕೆಂಡ ಒಳಗೆ ನೂರಾರು ಡಿಗ್ರಿ ಬಿಸಿಯಾಗಿರುತ್ತದೆ. ಎಣ್ಣೆ ಕ್ಷಣದಲ್ಲಿ ಆವಿಯಾಗಿ, ಗಾಳಿಯೊಡನೆ ಬೆರೆತು, ಭುಗಿಲೆಂದು ಹೊತ್ತಿ ಸುರಿಯುವವರ ಕೈಗೂ ಮುಖಕ್ಕೂ ಏರುತ್ತದೆ. ಇದ್ದಿಲಿನೊಳಗೆ ಹೀರಿಕೊಂಡು ಉಳಿದ ಎಣ್ಣೆಯ ವಾಸನೆ ತಿನ್ನುವ ಪದಾರ್ಥಕ್ಕೂ ಅಂಟುತ್ತದೆ.

ಪರದೆಯ ಮೇಲೆ ಕಾಣದ ಅಪಾಯ

ಕೆಂಡದ ಬಣ್ಣವನ್ನು ಟೆಲಿವಿಷನ್ ಪರದೆಯ ಮೇಲೆ ತೋರಿಸಬಹುದು. ಆದರೆ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡನ್ನು ಯಾವ ಕ್ಯಾಮೆರಾವೂ ಹಾಗೆ ತೋರಿಸಲಾರದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳ್ಳೆಯ ಗಾಳಿಯಲ್ಲಿ 12 ಗ್ರಾಂ ಇಂಗಾಲ ಪೂರ್ತಿ ಉರಿದು ಡೈಆಕ್ಸೈಡ್ ಆದರೆ ಸುಮಾರು 393 ಕಿಲೋಜೌಲ್ ಶಾಖ ಸಿಗುತ್ತದೆ. ಗಾಳಿ ಸಾಲದೆ ಮಾನಾಕ್ಸೈಡ್ ಮಾತ್ರ ಆದರೆ ಸಿಗುವುದು ಸುಮಾರು 110 ಕಿಲೋಜೌಲ್. ಶಾಖವೂ ನಷ್ಟ, ಜೀವಕ್ಕೂ ಅಪಾಯ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು; ಆಮೇಲೆ ಏಳಲೂ ಆಗದ ಸ್ಥಿತಿ. ನಿದ್ದೆಯಲ್ಲಿರುವವರಿಗೆ ಅದೂ ಗೊತ್ತಾಗುವುದಿಲ್ಲ.

ಆದ್ದರಿಂದ ಹೊಗೆಯಿಲ್ಲ ಎಂದರೆ ಅಪಾಯವಿಲ್ಲ ಎಂದು ತಿಳಿಯಬೇಡಿ. ಚಳಿಯೆಂದು ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೋ ಡೇರೆಯೊಳಗೋ ಎಂದೂ ಒಯ್ಯಬೇಡಿ. ಕೆಲಸ ಮುಗಿದ ಮೇಲೆ ಕೆಂಡ ಪೂರ್ತಿ ಆರುವವರೆಗೂ ಅದು ಹೊರಗೇ ಇರಲಿ. ನಿಮ್ಮ ಮನೆಯಲ್ಲಿ ಇದನ್ನು ತಿಳಿಯದವರಿದ್ದರೆ, ಈ ಪುಟವನ್ನು ಅವರಿಗೂ ಓದಿ ಹೇಳಿ.