144 ಇದ್ದಲ್ಲೆಲ್ಲ ಕರ್ಫ್ಯೂ ಇರುವುದಿಲ್ಲ

ಬೆಂಗಳೂರಿನಲ್ಲಿ ಎಲ್ಲಿ ಗಲಾಟೆಯಾದರೂ ರಾಜಾಜಿನಗರದಿಂದ ಕೆಂಗೇರಿವರೆಗೆ ಒಂದೇ ಮಾತು ಹಬ್ಬುತ್ತದೆ: "144 ಹಾಕಿದ್ದಾರಂತೆ, ಹೊರಗೆ ಕಾಲಿಟ್ಟರೆ ಹಿಡ್ಕೊಂಡು ಹೋಗ್ತಾರಂತೆ." ಅಂಗಡಿಗಳ ಷಟರ್ ಇಳಿಯುತ್ತದೆ. ಔಷಧಿ ತರಬೇಕಾದವರು ಮನೆಯಲ್ಲೇ ಉಳಿಯುತ್ತಾರೆ, ದಿನಗೂಲಿಯವರ ಕೂಲಿ ಹೋಗುತ್ತದೆ. ಈ ನಂಬಿಕೆ ತಪ್ಪು. ಇಷ್ಟು ಸಲ ಕಣ್ಣಾರೆ ಕಂಡ ಮೇಲೂ ಜನ ಇದನ್ನು ಬಿಡದಿರುವುದು ನಿಜಕ್ಕೂ ಬೇಸರ ತರಿಸುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬಂದಾಗ ಕೇಂದ್ರಗಳ ಸುತ್ತ, ಜನ 144 ಎಂದು ಕರೆಯುವ ನಿಷೇಧಾಜ್ಞೆ ಹೊರಡುತ್ತದೆ. ಸಾವಿರಾರು ಮಕ್ಕಳು ಅದೇ ಗೇಟು ದಾಟಿ ಹೋಗಿ ಪರೀಕ್ಷೆ ಬರೆಯುತ್ತಾರೆ. ಮತದಾನದ ಹೊತ್ತಿನಲ್ಲೂ ನಿಷೇಧಾಜ್ಞೆ ಇರುತ್ತದೆ, ಮತದಾರರು ಸಾಲಿನಲ್ಲಿ ನಿಂತು ಮತ ಹಾಕಿ ಬರುತ್ತಾರೆ. 144 ಎಂದರೆ ಗೃಹಬಂಧನ ಎನ್ನುವುದಾದರೆ ಈ ಎರಡೂ ನಡೆಯುವುದು ಹೇಗೆ?

ಇದಕ್ಕೆ ಉತ್ತರ ಆದೇಶದ ಒಕ್ಕಣೆಯಲ್ಲಿದೆ. ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮು ದಂಡಾಧಿಕಾರಿಗೆ ಲಿಖಿತ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿತ್ತು. ಬೆಂಗಳೂರಿನಲ್ಲಿ ಆ ಅಧಿಕಾರ ಪೊಲೀಸ್ ಆಯುಕ್ತರದ್ದು. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಏನು ಮಾಡಬಾರದು ಎಂಬುದನ್ನು ಪ್ರತಿ ಆದೇಶವೂ ಬೇರೆ ಬೇರೆಯಾಗಿ ಹೇಳುತ್ತದೆ. ಸಾಮಾನ್ಯವಾಗಿ ತಡೆಯುವುದು ಐದು ಅಥವಾ ಹೆಚ್ಚು ಜನ ಗುಂಪುಗೂಡುವುದನ್ನು, ಮೆರವಣಿಗೆಯನ್ನು, ಆಯುಧ ಹಿಡಿದು ತಿರುಗುವುದನ್ನು. ಮನೆಯಿಂದ ಹೊರಬರಲೇಬಾರದು ಎಂದು ಅದೇ ಕಲಮಿನಡಿ ಆದೇಶವಾದರೆ ಮಾತ್ರ ಅದು ಕರ್ಫ್ಯೂ.

2016ರ ಸೆಪ್ಟೆಂಬರ್ ಇದನ್ನು ಪಶ್ಚಿಮ ಬೆಂಗಳೂರಿಗೆ ಬೀದಿಯಲ್ಲೇ ತೋರಿಸಿಕೊಟ್ಟಿತು. ತಮಿಳುನಾಡಿಗೆ 12,000 ಕ್ಯುಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂದು 12ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಗರ ಹೊತ್ತಿಕೊಂಡಿತು. ಮೈಸೂರು ರಸ್ತೆ ಬದಿಯ ಡಿಪೊದಲ್ಲಿ ತಮಿಳುನಾಡಿನ ಕೆಪಿಎನ್ ಸಂಸ್ಥೆಯ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟುಹೋದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು. ಅಂದು ನಿಷೇಧಾಜ್ಞೆ ಇದ್ದದ್ದು ಇಡೀ ನಗರಕ್ಕೆ. ಕರ್ಫ್ಯೂ ಇದ್ದದ್ದು ರಾಜಗೋಪಾಲನಗರ, ಕಾಮಾಕ್ಷಿಪಾಳ್ಯ, ವಿಜಯನಗರ, ಮಾಗಡಿ ರಸ್ತೆ, ರಾಜಾಜಿನಗರ, ಬ್ಯಾಟರಾಯನಪುರ, ಕೆಂಗೇರಿ ಸೇರಿ 16 ಠಾಣೆಗಳ ವ್ಯಾಪ್ತಿಗೆ ಮಾತ್ರ. 14ರ ಬೆಳಿಗ್ಗೆ ಕರ್ಫ್ಯೂ ತೆಗೆದರು, ನಿಷೇಧಾಜ್ಞೆ ಮುಂದುವರಿಯಿತು. ಎರಡೂ ಒಂದೇ ಆಗಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಲು ಬರುತ್ತಿರಲಿಲ್ಲ.

ಈ ಗೊಂದಲದಿಂದ ಆಗುವ ಹಾನಿ ಅಂಗಡಿಯ ವ್ಯಾಪಾರಕ್ಕೆ ನಿಲ್ಲುವುದಿಲ್ಲ. 144 ಎಂದರೆ ಎಲ್ಲವೂ ಬಂದ್ ಎಂದು ನಂಬಿದವರು ಆ ಆದೇಶ ಸರಿಯೇ ಎಂದು ಕೇಳುವುದನ್ನೂ ಬಿಟ್ಟುಬಿಡುತ್ತಾರೆ. 2019ರ ಡಿಸೆಂಬರ್ 19ರಿಂದ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಗಳ ಹೊತ್ತಿನಲ್ಲಿ ನಗರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು; ಟೌನ್ ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ವಶಕ್ಕೆ ಪಡೆದರು. ನಿಷೇಧಾಜ್ಞೆಯನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೆ ಹೋದರು. 2020ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆ ಆದೇಶ ಕಾನೂನುಬಾಹಿರ ಎಂದಿತು. ಅದಕ್ಕೆ ಮುಂಚೆ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ನ್ಯಾಯಸಮ್ಮತ ಅಭಿಪ್ರಾಯವನ್ನು ಹತ್ತಿಕ್ಕಲು ಬಳಸಬಾರದು ಎಂದು ಹೇಳಿತ್ತು.

ಉಳಿದ ತಪ್ಪು ತಿಳಿವಳಿಕೆಗಳಿಗೆ ಚಿಕ್ಕ ಉತ್ತರ ಸಾಕು. ಗಲಭೆ ಬೀದಿಗೆ ನೀಲಿ ಮಚ್ಚೆಯ ಸಮವಸ್ತ್ರದವರು ಇಳಿದರೆ "ಮಿಲಿಟರಿ ಬಂತು" ಎನ್ನುತ್ತಾರೆ. ಅವರು ಸಿಆರ್‌ಪಿಎಫ್‌ನ ಕ್ಷಿಪ್ರ ಕಾರ್ಯಪಡೆಯವರು, ಸೇನೆಯವರಲ್ಲ. ಕರ್ಫ್ಯೂ ಇದ್ದರೆ ಕಂಡಲ್ಲಿ ಗುಂಡು ಎಂಬುದೂ ಸುಳ್ಳು: ಗುಂಪಿಗೆ ಚದುರಲು ಮೊದಲು ಆಜ್ಞೆ ಕೊಡಬೇಕು, ಆಮೇಲಷ್ಟೇ ಬಲಪ್ರಯೋಗ. ಇನ್ನು 144 ಎಂಬ ಸಂಖ್ಯೆಯೇ ಈಗ ಹಳತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಕಲಮು.

ಗಲಭೆಯ ದಿನ ಜನ ವಾಟ್ಸ್ಆ್ಯಪ್‌ನಲ್ಲಿ ಬಂದ ಧ್ವನಿ ಸಂದೇಶವನ್ನು ನಂಬುವಷ್ಟು ಸಹಿ ಇರುವ ಆದೇಶವನ್ನು ನಂಬುವುದಿಲ್ಲ. ಅಪ್ಪ ಮಗನಿಗೆ ಕಳಿಸುತ್ತಾನೆ, ಮಗ ಬೀದಿಯ ಗುಂಪಿಗೆ ಕಳಿಸುತ್ತಾನೆ. ಮೂಲ ಯಾವುದೆಂದು ಯಾರೂ ಕೇಳುವುದಿಲ್ಲ. ಅಸಲಿ ಆದೇಶದಲ್ಲಿ ದಿನಾಂಕ, ಸಮಯ, ವ್ಯಾಪ್ತಿ, ಸಹಿ ಎಲ್ಲವೂ ಇರುತ್ತವೆ. ಅದರ ಕನ್ನಡ ಪ್ರತಿಯನ್ನು ಪ್ರತಿ ಠಾಣೆಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಮೆಟ್ರೊ ಪ್ರವೇಶದ್ವಾರದಲ್ಲಿ ಅದೇ ಗಂಟೆಯಲ್ಲಿ ಅಂಟಿಸುವುದು ಪೊಲೀಸ್ ಇಲಾಖೆಗೆ ದೊಡ್ಡ ಕೆಲಸವಲ್ಲ. ಹಾಲಿಗೆ ಹೋಗಬಹುದೇ, ಆಸ್ಪತ್ರೆಗೆ ಹೋಗಬಹುದೇ, ಕೆಲಸಕ್ಕೆ ಹೋಗಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಆ ಒಂದು ಹಾಳೆಯಲ್ಲೇ ಸಿಗುತ್ತದೆ.